ಸಪೋರ್ಟ್‌ಗೆ ಉಲ್ಟಾ ಪದ ಬೇಕಾ? ಮೊದಲು ಯಾವ ಸಪೋರ್ಟ್ ಅಂತ ಕೇಳಿಕೊಳ್ಳಿ

ಡಿಗ್ರಿ ಕೊನೇ ವರ್ಷದ ಹುಡುಗನೊಬ್ಬನಿಗೆ ಕೆಲಸದ ಸಂದರ್ಶನದ ತಯಾರಿ ಮಾಡಿಸುತ್ತಿದ್ದೆ. ಕಾಲೇಜಿನಲ್ಲಿ ಎದುರಿಸಿದ ಕಷ್ಟದ ಸಂದರ್ಭ ಒಂದನ್ನು ಇಂಗ್ಲಿಷಿನಲ್ಲಿ ಹೇಳು ಅಂದೆ. ಪ್ರಾಜೆಕ್ಟ್ ಒಪ್ಪಿಸುವ ದಿನದ ಕಥೆ ಶುರು ಮಾಡಿದ. ‘ಅಟ್ ದ ಲಾಸ್ಟ್ ಮಿನಿಟ್, ಮೈ ಫ್ರೆಂಡ್ ಗೇವ್ ಮಿ ಎ ಹ್ಯಾಂಡ್’ ಅಂದ. ‘ಒಳ್ಳೇದಾಯ್ತಲ್ಲಪ್ಪಾ, ಅಂಥ ಗೆಳೆಯ ಸಿಗಬೇಕು’ ಅಂದೆ. ಅವನ ಮುಖ ಸಪ್ಪಗಾಯಿತು. ‘ಇಲ್ಲ ಸರ್, ಅವನು ಬರಲೇ ಇಲ್ಲ. ಕೈ ಕೊಟ್ಟ!’

ಕನ್ನಡದಲ್ಲಿ ಕೈ ಕೊಟ್ಟರೆ ನಂಬಿಕೆಗೆ ಪೆಟ್ಟು. ಇಂಗ್ಲಿಷಿನಲ್ಲಿ ಕೈ ಕೊಟ್ಟರೆ ಸಹಾಯ. ಅವನಿಗೆ ಬೇಕಿದ್ದದ್ದು ‘ಮೈ ಫ್ರೆಂಡ್ ಲೆಟ್ ಮಿ ಡೌನ್’ ಎಂಬ ಸಣ್ಣ ವಾಕ್ಯ. ‘ಸಪೋರ್ಟ್’ ಅನ್ನೋ ಪದ ನಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಅದರ ವಿರುದ್ಧ ಹೇಳಬೇಕಾದಾಗ ಮಾತ್ರ ತಡವರಿಸುತ್ತೇವೆ, ಅಲ್ವಾ? ‘ನಾಟ್ ಸಪೋರ್ಟಿಂಗ್’ ಅಂದು ಕೈ ತೊಳೆದುಕೊಳ್ಳುತ್ತೇವೆ. ಇಷ್ಟು ಚೆಂದದ ಪದಗಳಿರುವಾಗ ಹಾಗೆ ಮಾಡಬಾರದು. ಹೇಗೆ ಆರಿಸಿಕೊಳ್ಳುವುದು, ನೋಡೋಣ.

ಮೊದಲ ಹೆಜ್ಜೆ: ಯಾವ ಸಪೋರ್ಟ್?

ತೊಲೆಗೆ ಕಂಬ ಕೊಡುವುದೂ ಸಪೋರ್ಟ್. ವಯಸ್ಸಾದ ಅಪ್ಪ ಅಮ್ಮನನ್ನು ಸಾಕುವುದೂ ಸಪೋರ್ಟ್. ಒಂದು ಯೋಜನೆಯನ್ನು ಒಪ್ಪುವುದು, ಹೇಳಿದ ಮಾತಿಗೆ ಸಾಕ್ಷಿ ಸಿಗುವುದು, ಇವೂ ಅದೇ. ಒಂದೊಂದಕ್ಕೂ ಉಲ್ಟಾ ಬೇರೆ. ಸಾಕಬೇಕಾದವರನ್ನು ಕೈಬಿಟ್ಟರೆ ‘ಅಬ್ಯಾಂಡನ್’. ಯೋಜನೆ ಬೇಡ ಅಂದರೆ ‘ಅಪೋಸ್’. ಸಾಕ್ಷಿ ತಿರುಗಿ ಬಿದ್ದರೆ ‘ಕಾಂಟ್ರಡಿಕ್ಟ್’. ಕಂಬ, ಬುನಾದಿಯಂಥದ್ದನ್ನು ಸಡಿಲ ಮಾಡಿದರೆ ‘ಅಂಡರ್‌ಮೈನ್’.

‘ಸಪೋರ್ಟ್’ ಹಿಂದೆ ‘ಅನ್’ ಸೇರಿಸಿ ‘ಐ ಅನ್‌ಸಪೋರ್ಟ್ ಇಟ್’ ಅನ್ನಬೇಡಿ, ಅದು ರೂಢಿಯಲ್ಲಿಲ್ಲ. ‘ಅನ್‌ಸಪೋರ್ಟಿವ್’ ಇದೆ, ಬೆಂಬಲ ಕೊಡದ ಮನುಷ್ಯನಿಗೆ. ‘ಇನ್‌ಸಪೋರ್ಟಬಲ್’ ಕೂಡ ಇದೆ. ಆದರೆ ಅದರ ಅರ್ಥ ಸಹಿಸಲಾಗದ್ದು.

ಎರಡನೇ ಹೆಜ್ಜೆ: ವಿರೋಧ ಎಷ್ಟು ಗಟ್ಟಿ?

ಬೆಂಬಲಿಸದೇ ಇರುವುದು ಬೇರೆ, ವಿರೋಧಿಸುವುದು ಬೇರೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಉಕ್ರೇನ್ ಮೇಲಿನ ರಷ್ಯಾದ ದಾಳಿಯನ್ನು ಖಂಡಿಸುವ ನಿರ್ಣಯದ ಬಗ್ಗೆ ಮತದಾನ ನಡೆಯಿತು. ಪರವಾಗಿ 141, ವಿರುದ್ಧ 5. ಭಾರತವೂ ಸೇರಿ 35 ದೇಶಗಳು ಯಾವ ಕಡೆಗೂ ಮತ ಹಾಕಲಿಲ್ಲ. ಇದಕ್ಕೆ ‘ಅಬ್‌ಸ್ಟೇನ್’ ಎಂಬ ಪದ. ‘ಇಂಡಿಯಾ ಅಪೋಸ್ಡ್’ ಅಂತ ಬರೆದರೆ ಸುದ್ದಿಯೇ ತಪ್ಪಾಗುತ್ತದೆ. ಮನೆ, ಆಫೀಸಿನಲ್ಲಿ ಯಾವ ಕಡೆಗೂ ವಾಲದೆ ಕೂತವರಿಗೆ ‘ಸಿಟ್ಟಿಂಗ್ ಆನ್ ದ ಫೆನ್ಸ್’ ಅನ್ನುತ್ತಾರೆ. ಬೇಲಿ ಮೇಲೆ ಕೂತಿದ್ದಾರೆ ಅಂತ.

ಬಾಯಿಬಿಟ್ಟು ಬೇಡ ಅನ್ನುವಾಗ ಒಂದು ಎಚ್ಚರ. ‘ಇದಕ್ಕೆ ನನ್ನ ವಿರೋಧವಿದೆ’ ಅನ್ನುವ ಅಭ್ಯಾಸದಿಂದ ನಾವು ‘ಐ ಅಪೋಸ್ ಟು ದಿಸ್’ ಅನ್ನುತ್ತೇವೆ. ಆ ‘ಟು’ ಬೇಡ. ‘ಐ ಅಪೋಸ್ ದಿಸ್’ ಅಷ್ಟೇ. ‘ಟು’ ಬೇಕಾಗುವುದು ‘ಆಬ್ಜೆಕ್ಟ್’ ಜೊತೆಗೆ: ‘ಐ ಆಬ್ಜೆಕ್ಟ್ ಟು ದಿಸ್’. ‘ಐ ಆ್ಯಮ್ ಅಪೋಸ್ಡ್’ ಅಂತ ಶುರು ಮಾಡಿದರೆ ಅಲ್ಲಿಯೂ ‘ಟು’ ಬರುತ್ತದೆ. ನೆನಪಿನಲ್ಲಿ ಉಳಿಯದಿದ್ದರೆ ‘ಐ ಆ್ಯಮ್ ಅಗೇನ್‌ಸ್ಟ್ ಇಟ್’ ಅನ್ನಿ. ಅದು ಎಲ್ಲಾ ಕಡೆ ನಡೆಯುತ್ತದೆ.

ಮೀಟಿಂಗಿನಲ್ಲಿ ಯೋಜನೆಯ ಲೋಪ ಹುಡುಕಲೆಂದೇ ಎದುರು ವಾದ ಮಾಡುವುದಿದ್ದರೆ ‘ಲೆಟ್ ಮಿ ಪ್ಲೇ ಡೆವಿಲ್ಸ್ ಅಡ್ವೊಕೇಟ್’ ಅನ್ನಿ. ಕ್ಯಾಥೊಲಿಕ್ ಚರ್ಚಿನಲ್ಲಿ 1587ರಲ್ಲಿ ಶುರುವಾದ ಹುದ್ದೆ ಅದು. ಯಾರನ್ನಾದರೂ ಸಂತ ಎಂದು ಘೋಷಿಸುವ ಮುಂಚೆ ಅವರ ವಿರುದ್ಧ ವಾದಿಸುವುದೇ ಆ ಹುದ್ದೆಯಲ್ಲಿದ್ದವನ ಕೆಲಸವಾಗಿತ್ತು. ಮನಸ್ಸಿನಲ್ಲಿ ದ್ವೇಷವಿಲ್ಲದ ವಿರೋಧ. ಬಾಸ್‌ಗೂ ಬೇಜಾರಾಗುವುದಿಲ್ಲ.

ಇನ್ನು ‘ಅಂಡರ್‌ಮೈನ್’. ನನಗೆ ತುಂಬ ಇಷ್ಟವಾದ ಪದ ಇದು. ‘ಸಪೋರ್ಟ್’ ಪದದ ಲ್ಯಾಟಿನ್ ಬೇರು ನೋಡಿದರೆ, ಕೆಳಗಿನಿಂದ ಹೊರುವುದು ಎಂದರ್ಥ. ‘ಅಂಡರ್‌ಮೈನ್’ ಅಂದರೆ ಅದೇ ಕೆಳಗಿನಿಂದ ಅಗೆಯುವುದು. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್, ರಾಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ. ಅವನ ಜನ ಗೋಡೆಯ ಕೆಳಗೆ ಸುರಂಗ ತೋಡಿದರು. ಮೇಲಿನ ಭಾರ ಕುಸಿಯದಂತೆ ಮರದ ಆಸರೆ ಕೊಡುತ್ತಾ ಹೋದರು. ಆಮೇಲೆ ದೊರೆ 40 ಹಂದಿಗಳನ್ನು ತರಿಸಿದ. ಅವುಗಳ ಕೊಬ್ಬಿನಿಂದ ಬೆಂಕಿ ಹೊತ್ತಿಸಿ ಆ ಆಸರೆಗಳನ್ನೇ ಸುಟ್ಟರು. ಕೋಟೆಯ ಒಂದು ಮೂಲೆ ಕುಸಿದು ಬಿತ್ತು. ಮುಂದೆ ಅದನ್ನು ಮತ್ತೆ ಕಟ್ಟಿದರು. ಅದಕ್ಕೇ ಇವತ್ತಿಗೂ ಅಲ್ಲಿ ಮೂಲೆಯ ಗೋಪುರಗಳಲ್ಲಿ ಮೂರು ಚೌಕ, ಒಂದು ಮಾತ್ರ ದುಂಡಗೆ.

ಎದುರಿಗೆ ನಗುತ್ತಾ, ಹಿಂದಿನಿಂದ ನಿಮ್ಮ ಮಾತಿಗೆ ಬೆಲೆ ಇಲ್ಲದಂತೆ ಮಾಡುವವರಿಗೆ ಈ ಪದ ಹೇಳಿ ಮಾಡಿಸಿದ್ದು. ಮಗುವಿಗೆ ಅಮ್ಮ ಬೇಡ ಅಂದ ಚಾಕೊಲೇಟನ್ನು ಅಪ್ಪ ಗುಟ್ಟಾಗಿ ಕೊಟ್ಟರೆ, ಅವರು ಅಮ್ಮನನ್ನು ‘ಅಪೋಸ್’ ಮಾಡಿಲ್ಲ, ‘ಅಂಡರ್‌ಮೈನ್’ ಮಾಡಿದ್ದಾರೆ.

ಮೂರನೇ ಹೆಜ್ಜೆ: ನುಡಿಗಟ್ಟನ್ನು ತೂಗಿ ನೋಡಿ

ಕೆಲವು ಕನ್ನಡಕ್ಕೂ ಇಂಗ್ಲಿಷಿಗೂ ಸರಿಸಮ ಹೊಂದುತ್ತವೆ. ಬೆನ್ನಿಗೆ ಚೂರಿ ಹಾಕುವುದು ‘ಸ್ಟ್ಯಾಬ್ ಇನ್ ದ ಬ್ಯಾಕ್’. ಆಸೆಗೆ ತಣ್ಣೀರೆರಚುವುದು ‘ಪೋರ್ ಕೋಲ್ಡ್ ವಾಟರ್ ಆನ್’. ಇವುಗಳನ್ನು ಧೈರ್ಯವಾಗಿ ಬಳಸಿ.

ಕೆಲವು ಪೂರ್ತಿ ತಿರುಗಿ ನಿಲ್ಲುತ್ತವೆ. ನಾವು ‘ನಡುನೀರಿನಲ್ಲಿ ಕೈಬಿಟ್ಟ’ ಅನ್ನುತ್ತೇವೆ. ಅವರು ‘ಲೆಫ್ಟ್ ಮಿ ಹೈ ಅಂಡ್ ಡ್ರೈ’ ಅನ್ನುತ್ತಾರೆ. ನೀರು ಇಳಿದು ದಡದಲ್ಲಿ ಒಣಗುತ್ತಾ ನಿಂತ ಹಡಗಿನ ಚಿತ್ರ ಅದು. ನಮಗೆ ನೀರು ಜಾಸ್ತಿ ಆದರೆ ಕಷ್ಟ, ನಾವಿಕರಿಗೆ ನೀರೇ ಇಲ್ಲದಿದ್ದರೆ ಕಷ್ಟ! ‘ಲೆಫ್ಟ್ ಮಿ ಇನ್ ದ ಲರ್ಚ್’ ಕೂಡ ಇದೇ ಅರ್ಥಕ್ಕೆ. ‘ಲರ್ಚ್’ ಅಂದರೆ ಹಳೇ ಕಾಲದ ಆಟದಲ್ಲಿ ತೀರಾ ಹಿಂದೆ ಬಿದ್ದ ಸ್ಥಿತಿ. ತಾನು ಪಾರಾಗಲು ಇನ್ನೊಬ್ಬರನ್ನು ಹರಕೆಯ ಕುರಿ ಮಾಡಿದರೆ ‘ಥ್ರೂ ಮಿ ಅಂಡರ್ ದ ಬಸ್’.

ಕಾಲೆಳೆಯುವ ವಿಷಯದಲ್ಲಿ ಮಾತ್ರ ಹುಷಾರು. ಆಫೀಸಿನಲ್ಲಿ ಯಾರೋ ನಿಮ್ಮ ಬಡ್ತಿಗೆ ಅಡ್ಡಗಾಲು ಹಾಕಿದರೆ ನಾವು ‘ಕಾಲೆಳೆದ’ ಅನ್ನುತ್ತೇವೆ. ‘ಹಿ ಪುಲ್ಡ್ ಮೈ ಲೆಗ್’ ಅಂದರೆ ಇಂಗ್ಲಿಷಿನವರಿಗೆ ತಮಾಷೆ ಮಾಡಿದ ಅಂತ ಮಾತ್ರ ಕೇಳಿಸುತ್ತದೆ. ನಿಮ್ಮ ನೋವು ಅವರಿಗೆ ತಲುಪುವುದೇ ಇಲ್ಲ.

ನಾಲ್ಕನೇ ಹೆಜ್ಜೆ: ಚಿಲ್ಲರೆ ಪದಗಳನ್ನು ಬಿಡಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. ‘ಹಿ ಬ್ಯಾಕ್ಡ್ ಮಿ’ ಅಂದರೆ ಬೆನ್ನಿಗೆ ನಿಂತ. ‘ಹಿ ಬ್ಯಾಕ್ಡ್ ಔಟ್’ ಅಂದರೆ ಒಪ್ಪಿಕೊಂಡು ಆಮೇಲೆ ಹಿಂದೆ ಸರಿದ. ‘ಶಿ ಸ್ಟುಡ್ ಬೈ ಮಿ’ ಅಂದರೆ ನನ್ನ ಜೊತೆಗಿದ್ದಳು. ‘ಶಿ ಸ್ಟುಡ್ ಬೈ’ ಅಂತ ಅಲ್ಲಿಗೇ ನಿಲ್ಲಿಸಿದರೆ ಸುಮ್ನೆ ನೋಡುತ್ತಾ ನಿಂತಳು ಎಂದಾಗಬಹುದು. ‘ಸ್ಟ್ಯಾಂಡ್ ಅಪ್ ಫಾರ್’ ಅಂದರೆ ಪರವಾಗಿ ನಿಲ್ಲುವುದು, ‘ಸ್ಟ್ಯಾಂಡ್ ಅಪ್ ಟು’ ಅಂದರೆ ಎದುರಿಸಿ ನಿಲ್ಲುವುದು. ‘ಹಿ ಸ್ಟುಡ್ ಮಿ ಅಪ್’ ಅಂದರೆ ಬರುತ್ತೇನೆ ಅಂತ ಹೇಳಿ ಕಾಯಿಸಿ ಬರಲೇ ಇಲ್ಲ ಅಂತ.

ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ನಿಮಗೇ ಆದ ಒಂದು ಘಟನೆ ತೆಗೆದುಕೊಳ್ಳಿ, ಎರಡೇ ವಾಕ್ಯ ಬರೆಯಿರಿ, ಗಟ್ಟಿಯಾಗಿ ಓದಿ. ಒಂದು ವಾಕ್ಯದಲ್ಲಿ ಕೈ ಹಿಡಿದವರು, ಇನ್ನೊಂದರಲ್ಲಿ ಕೈಬಿಟ್ಟವರು ಇರಲಿ. ಆ ಹುಡುಗನಿಗೂ ಇದನ್ನೇ ಹೇಳಿದ್ದೆ. ಮರುದಿನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು ತಂದಿದ್ದ: ‘ಮೈ ಫ್ರೆಂಡ್ ಬ್ಯಾಕ್ಡ್ ಔಟ್ ಅಂಡ್ ಲೆಫ್ಟ್ ಮಿ ಇನ್ ದ ಲರ್ಚ್. ಮೈ ಸಿಸ್ಟರ್ ಗೇವ್ ಮಿ ಎ ಹ್ಯಾಂಡ್.’ ಆ ರಾತ್ರಿ ಎರಡು ಗಂಟೆವರೆಗೆ ಕೂತು ಸ್ಲೈಡ್ ಮಾಡಿಕೊಟ್ಟವಳು ಅವನ ಅಕ್ಕನಂತೆ.