ವಾಕ್ಯದ ಬಾಲ ನುಂಗ್ಬೇಡಿ: ಮಾತಾಡೋ ದನಿ ಸರಿ ಮಾಡ್ಕೊಳೋಕೆ ಒಂದಿಷ್ಟು ದಾರಿ

ನಾಕೈದು ವರ್ಷದ ಹಿಂದೆ ನೆಂಟರ ಮದುವೇಲಿ ಮೈಕ್ ತಂದು ನನ್ ಕೈಗೆ ಕೊಟ್ಟಿದ್ರು. "ಊಟ ಮೇಲ್ಗಡೆ ಹಾಲಲ್ಲಿ ಇರಲ್ಲ, ಎಲ್ರೂ ಹಿಂದ್ಗಡೆ ಶಾಮಿಯಾನಕ್ಕೆ ಬನ್ನಿ" ಅಂತ ಹೇಳ್ದೆ, ಅಂದ್ರೆ ಹೇಳ್ದೆ ಅಂದ್ಕೊಂಡೆ. ಜನಕ್ಕೆ ಕೇಳ್ಸಿದ್ದು "ಊಟ ಮೇಲ್ಗಡೆ ಹಾಲಲ್ಲಿ" ಅಷ್ಟೇ, "ಇರಲ್ಲ" ಅನ್ನೋದು ನನ್ ಗಂಟಲಲ್ಲೇ ಉಳ್ಕೊಳ್ತು, ಆಮೇಲಿಂದೆಲ್ಲ ಓಲಗದ ಸದ್ದಿಗೆ ಹೋಯ್ತು. ಮಂಡಿನೋವಿನ ಅಜ್ಜಿಯಂದಿರೂ ಸೇರಿ ನೂರು ಜನ ಮೆಟ್ಲು ಹತ್ತಿ, ಖಾಲಿ ಹಾಲ್ ನೋಡಿ, ನನ್ನ ಬೈಕೊಂಡು ಇಳಿದ್ರು. ಅವತ್ತಿಂದ ಶುರುವಾಯ್ತು ನನ್ನ ದನಿ ರಿಪೇರಿ ಕೆಲಸ.

ಆಗ ಗೊತ್ತಾಗಿದ್ದು ಏನಂದ್ರೆ ಕನ್ನಡದಲ್ಲಿ ಅಸಲಿ ಮಾಲು ಇರೋದೇ ವಾಕ್ಯದ ಕೊನೇಲಿ. ಬರ್ತಾನೋ ಬರಲ್ವೋ, ಬಂದ್ಲೋ ಬಂದ್ರೋ, ಹೇಳ್ತಿರೋದೋ ಕೇಳ್ತಿರೋದೋ, ಕಣ್ಣಾರೆ ಕಂಡಿದ್ದೋ ಇಲ್ಲ ಯಾರೋ ಹೇಳಿದ "ಅಂತೆ"ನೋ, ಎಲ್ಲಾನೂ ಕಡೇ ಎರಡು ಅಕ್ಷರದಲ್ಲಿರತ್ತೆ. ಇಂಗ್ಲಿಷ್‌ನಲ್ಲಿ "ನಾಟ್" ಅನ್ನೋದು ಮುಂಚೇನೇ ಬಂದ್ಬಿಡತ್ತೆ, ನಮ್ಮಲ್ಲಿ "ಇಲ್ಲ" ಬರೋಷ್ಟರಲ್ಲಿ ಉಸಿರು ಮುಗಿದಿರತ್ತೆ. ಅದಕ್ಕೇ ನಾನು ಯಾರಿಗೇ ಹೇಳೋದಿದ್ರೂ ಮೊದಲು ಇದನ್ನೇ ಹೇಳೋದು, ದನಿ ದಪ್ಪ ಮಾಡ್ಕೊಳೋದು, ರೇಡಿಯೋ ವಾಯ್ಸ್ ಮಾಡ್ಕೊಳೋದು ಎಲ್ಲ ಆಮೇಲೆ, ಮೊದ್ಲು ವಾಕ್ಯ ಪೂರ್ತಿ ಮುಗ್ಸಿ.

ಶುರು ಮಾಡೋಕೆ ಮುಂಚೆ ಫೋನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡ್ಕೊಳಿ. ಪೇಪರ್ ಓದ್ಬೇಡಿ, ಓದೋವಾಗ ಎಲ್ರೂ ಶಾಲೇಲಿ ಪಾಠ ಒಪ್ಪಿಸೋ ದನಿಗೆ ಹೋಗ್ಬಿಡ್ತಾರೆ. ಬೆಳಗ್ಗೆ ತಿಂಡಿ ಏನಾಯ್ತು, ಬಸ್ಸಲ್ಲಿ ಏನಾಯ್ತು ಅಂತ ಸುಮ್ನೆ ಹೇಳ್ತಾ ಹೋಗಿ. ಕೇಳ್ಸ್ಕೊಂಡಾಗ "ಥೂ ಇದು ನನ್ ದನೀನಾ" ಅನ್ಸತ್ತೆ, ಎಲ್ರಿಗೂ ಅನ್ಸತ್ತೆ, ಯಾಕಂದ್ರೆ ನಮ್ಮ ದನಿ ನಮಗೆ ಗಾಳೀಲೂ ಕೇಳ್ಸತ್ತೆ, ತಲೆಬುರುಡೆ ಮೂಳೆ ಮೂಲಕಾನೂ ಕೇಳ್ಸತ್ತೆ, ಆ ಮೂಳೆ ದಾರಿ ತಗ್ಗಿನ ಸ್ವರಾನ ಜಾಸ್ತಿ ತಲುಪಿಸತ್ತೆ, ರೆಕಾರ್ಡಿಂಗಲ್ಲಿ ಅದು ಇರಲ್ಲ, ಹಾಗಾಗಿ ತೆಳ್ಳಗೆ ಕೇಳತ್ತೆ. ಉಳಿದೋರು ದಿನಾ ಕೇಳ್ತಿರೋದು ಆ ತೆಳ್ಳನೇದನ್ನೇ, ಬೇಜಾರು ಮಾಡ್ಕೊಳೋಕೇನಿಲ್ಲ. ಎರಡನೇ ಸಲ ಕೇಳೋವಾಗ ದನಿ ಬಿಟ್ಟು ವಾಕ್ಯದ ಕೊನೆ ಮಾತ್ರ ಗಮನಿಸಿ, ಎಷ್ಟು ಸಲ ಕ್ರಿಯಾಪದ ನುಂಗಿದೀರಿ ಅಂತ ಒಂದೊಂದಕ್ಕೆ ಒಂದು ಗೆರೆ ಎಳೀರಿ. ನಂದು ಎರಡು ನಿಮಿಷಕ್ಕೆ ಹದಿನಾಲ್ಕು ಗೆರೆ ಬಂದಿತ್ತು.

ನುಂಗೋದು ಯಾಕೆ? ಮುಕ್ಕಾಲು ಪಾಲು ಉಸಿರಿನ ಕಥೆ. ಎದೆ ಮೇಲ್ಭಾಗದಲ್ಲಿ ಚೂರು ಉಸಿರು ತಗೊಂಡು ಒಂದೇ ಏಟಿಗೆ ಮೂರು ವಾಕ್ಯ ಹೇಳೋಕ್ ಹೋಗ್ತೀವಿ, ಕೊನೇಲಿ ಗಾಳಿ ಇರಲ್ಲ, ಆಗ ಗಂಟಲನ್ನ ಹಿಂಡ್ತೀವಿ. ಗಂಟಲು ನೋಯೋದೂ ಅಲ್ಲೇ, ಮಾತು ಸಾಯೋದೂ ಅಲ್ಲೇ. ಮಲ್ಕೊಂಡು ಹೊಟ್ಟೆ ಮೇಲೊಂದು ಪುಸ್ತಕ ಇಟ್ಕೊಳಿ, ಉಸಿರು ತಗೊಂಡಾಗ ಪುಸ್ತಕ ಮೇಲೇಳ್ಬೇಕು, ಭುಜ ಅಲ್ಲ. ಮಲಗಿದಾಗ ಇದು ತಾನಾಗೇ ಬರತ್ತೆ, ಕಷ್ಟ ಇರೋದು ನಿಂತಾಗ. ನಿಂತ್ಕೊಂಡು ಹೊಕ್ಕುಳ ಮೇಲೆ ಕೈ ಇಟ್ಟು "ಸ್ಸ್ಸ್" ಅಂತ ಹಾವಿನ ಥರ ಸಮನಾಗಿ ಬಿಡಿ, ವಾಚ್ ನೋಡ್ಕೊಳಿ, 15 ಸೆಕೆಂಡ್ ಬಂದ್ರೆ ಆರಂಭಕ್ಕೆ ಸಾಕು. ಆಮೇಲೆ ಅದೇ ಥರ, ಈ ಸಲ ದನಿ ಸೇರ್ಸಿ, ಜೇನುನೊಣದ "ಝ್ಝ್ಝ್" ಮಾಡಿ. ಎರಡೂ ಹತ್ತತ್ರ ಅಷ್ಟೇ ಹೊತ್ತು ಬರ್ಬೇಕು. ಮೊದಲನೇದು ಇಪ್ಪತ್ತು ಸೆಕೆಂಡ್ ಬಂದು ಎರಡನೇದು ಪ್ರತಿ ಸಲಾನೂ ಹತ್ತಕ್ಕೇ ಕೈಕೊಡ್ತಿದ್ರೆ ಉಸಿರು ಸರಿ ಇದೆ, ಧ್ವನಿತಂತುಗಳದ್ದೇ ಏನೋ ತಕರಾರಿರ್ಬೋದು, ಅಂಥೋರು ಎಕ್ಸರ್ಸೈಜ್ ಬಿಟ್ಟು ಡಾಕ್ಟರಿಗೆ ತೋರ್ಸೋದು ವಾಸಿ. ಸ್ಪೀಚ್ ಥೆರಪಿಸ್ಟುಗಳೂ ಮೊದಲಿಗೆ ನೋಡೋ ಸುಲಭದ ಪರೀಕ್ಷೆ ಇದು.

ಈ ಧ್ವನಿತಂತು ಅನ್ನೋದು ಹೆಸರಿಗೆ ತಂತಿ, ನೋಡಿದ್ರೆ ಬಟ್ಟೆ ಮಡಚಿದಂಗಿರೋ ಎರಡು ಪುಟ್ಟ ಮಡಿಕೆ. ಗಂಡಸ್ರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸ್ರಲ್ಲಿ 200ರ ಆಸುಪಾಸು ಒಂದಕ್ಕೊಂದು ತಾಗಿ ತಾಗಿ ಬಿಡ್ತಿರತ್ತೆ. ಒಂದು ಗಂಟೆ ಪಾಠ ಮಾಡೋ ಟೀಚರಮ್ಮನ ಗಂಟಲಲ್ಲಿ ಲಕ್ಷಗಟ್ಲೆ ಚಪ್ಪಾಳೆ ಆಯ್ತು ಅಂದಂಗೆ. ಕಿರುಚಿದ್ರೆ ಚಪ್ಪಾಳೆ ಬದ್ಲು ಏಟು.

ಇದಕ್ಕೆ ನಾನು ಕಂಡಿರೋ ಅತ್ಯಂತ ಒಳ್ಳೇ ಉಪಾಯ, ಖರ್ಚೂ ಇಲ್ಲ, ಎಳನೀರಿನ ಸ್ಟ್ರಾ. ಲೋಟದಲ್ಲಿ ಅರ್ಧ ನೀರು ಹಾಕಿ, ಸ್ಟ್ರಾ ತುದಿ ಎರಡು ಬೆರಳಷ್ಟು ಮುಳುಗ್ಸಿ, ಇನ್ನೊಂದು ತುದಿ ತುಟೀಲಿ ಗಟ್ಟಿ ಹಿಡಿದು "ಊ" ಅಂತ ದನಿ ಮಾಡ್ತಾ ಗುಳುಗುಳು ಗುಳ್ಳೆ ಬರ್ಸಿ. ಮೂಗಿಂದ ಗಾಳಿ ಸೋರ್ಬಾರ್ದು. ನಿಧಾನಕ್ಕೆ ಸ್ವರ ಮೇಲೆ ಕೆಳಗೆ ಜಾರ್ಸಿ, ಜೋಗುಳದ ಧಾಟೀಲಿ ಏನಾದ್ರೂ ಗುನುಗಿ, ಮೂರು ನಾಕು ನಿಮಿಷ. ಬಾಯಿ ಮುಂದೆ ದಾರಿ ಕಿರಿದಾಗಿರೋದ್ರಿಂದ ಒಳಗಡೆ ಒಂದು ಹಿಮ್ಮುಖ ಒತ್ತಡ ಬರತ್ತೆ, ಅದರಿಂದ ಮಡಿಕೆಗಳು ಜೋರಾಗಿ ಬಡ್ಕೊಳ್ದೇ ಹಗುರಕ್ಕೆ ಅಲುಗ್ತವೆ. ಮುಗಿಸಿದ ತಕ್ಷಣ ಮಾತಾಡಿ ನೋಡಿ, ಎಣ್ಣೆ ಬಿಟ್ಟ ಬಾಗಿಲಿನ ಥರ ಇರತ್ತೆ. ಮನೇಲಿ ಮಕ್ಕಳಿದ್ರೆ ಸ್ಟ್ರಾ ನಿಮಗೆ ವಾಪಸ್ ಸಿಗಲ್ಲ, ಎರಡು ತಂದಿಟ್ಕೊಳಿ.

ಸ್ವರ ಯಾವ ಎತ್ತರದಲ್ಲಿರ್ಬೇಕು ಅನ್ನೋದು ಇನ್ನೊಂದು ಗೊಂದಲ. ವಿಡಿಯೋ ನೋಡ್ಕೊಂಡು ಹುಡುಗ್ರೆಲ್ಲ ಗಂಟಲನ್ನ ಬಾವಿಗೆ ಇಳ್ಸಿ ಮಾತಾಡ್ತಾರೆ, ಅರ್ಧ ಗಂಟೆಗೆ ಕೆಮ್ಮು. ನಿಮ್ಮ ಸ್ವಂತ ಸ್ವರ ಯಾವ್ದು ಅಂತ ಕಂಡುಹಿಡಿಯೋಕೆ, ಯಾರೋ ಫೋನಲ್ಲಿ ಉದ್ದಕ್ಕೆ ಕಥೆ ಹೇಳ್ತಿದಾರೆ, ನೀವು ಏನೋ ಕೆಲಸ ಮಾಡ್ತಾ "ಹ್ಞೂಂ... ಹ್ಞೂಂ" ಅಂತಿದೀರಿ ಅಂದ್ಕೊಳಿ, ಆ ಹೂಂಗುಟ್ಟೋ ಸ್ವರಾನೇ ನಿಮ್ಮ ಮನೆ. ಅಲ್ಲಿಂದಾನೇ ಮಾತು ಶುರು ಮಾಡಿ: "ಹ್ಞೂಂ, ನಮಸ್ಕಾರ", "ಹ್ಞೂಂ, ನಾಳೆ ಹತ್ತಕ್ಕೆ ಬನ್ನಿ". ನಾಕು ದಿನ ಆದ್ಮೇಲೆ ಮುಂದಿರೋ ಹ್ಞೂಂ ಮನಸಲ್ಲೇ ಅಂದ್ಕೊಂಡ್ರೆ ಸಾಕು.

ಈಗ ಉಚ್ಚಾರ. ಇಲ್ಲಿ ಸ್ವಲ್ಪ ಜಗಳ ಆಡ್ಬೇಕಿದೆ ನಂಗೆ. ಸ್ಪಷ್ಟವಾಗಿ ಮಾತಾಡೋದು ಅಂದ್ರೆ ಪುಸ್ತಕದ ಕನ್ನಡ ಮಾತಾಡೋದು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ. ಧಾರವಾಡದೋರು ಧಾರವಾಡದ ಹಾಗೇ, ಕುಂದಾಪುರದೋರು ಕುಂದಾಪುರದ ಹಾಗೇ, ಚಾಮರಾಜನಗರದೋರು ಅವರ ಹಾಗೇ ಮಾತಾಡ್ಲಿ, ಅದರಲ್ಲೇ ಸ್ಪಷ್ಟ ಇರೋಕೆ ಏನ್ ಅಡ್ಡಿ? ಹ ಬದ್ಲು ಅ ಅಂದ್ರು ಅಂತ ಆಡ್ಕೊಂಡು ನಗೋರು ಮಾತ್ರ ನಂಗೆ ಸರಿ ಬರಲ್ಲ. ಆದ್ರೆ ವೇದಿಕೆ ಮೇಲೆ, ಇಂಟರ್ವ್ಯೂನಲ್ಲಿ, ಬೇರೆ ಊರೋರ ಮುಂದೆ ಅರ್ಥ ಕೆಡೋ ಕಡೆ ಮಾತ್ರ ಹುಷಾರಾಗಿರಿ. ಅಕ್ಕಿ ಹಕ್ಕಿ, ಹಾಲು ಹಾಳು, ಬೆಲೆ ಬೆಳೆ, ಹಲ್ಲಿ ಹಳ್ಳಿ, ಮನೆ ಮಣೆ, ಕತೆ ಕತ್ತೆ, ಇಂಥ ಜೋಡಿಗಳನ್ನ ಕಣ್ಮುಚ್ಚಿ ಕೂತಿರೋ ಇನ್ನೊಬ್ರಿಗೆ ಹೇಳಿ, ನೀವು ಅಂದಿದ್ದು ಯಾವ್ದು ಅಂತ ಅವರು ಹೇಳ್ಬೇಕು. ನಮ್ಮನೇಲಿ ಈ ಆಟದಲ್ಲಿ ನನಗೆ "ಬೆಲೆ ಬೆಳೆ"ಯಲ್ಲೇ ಸೋಲು, ಬೆಂಗಳೂರಿಗೆ ಬಂದು ನಾಲಿಗೆ ಸೋಮಾರಿಯಾಗಿದೆ, ಳ ಅನ್ನೋಕೆ ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗ್ಬೇಕು, ನಂದು ಹಲ್ಲಿನ ಹಿಂದೇನೇ ಕೂತಿರತ್ತೆ.

ಒತ್ತಕ್ಷರಕ್ಕೆ ಪೂರ್ತಿ ತೂಕ ಕೊಡಿ, ದೀರ್ಘಕ್ಕೆ ಎರಡು ಮಾತ್ರೆ ಕೊಡಿ, ಅಷ್ಟಾದ್ರೆ ಅರ್ಧ ಗೆದ್ದಂಗೆ. "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಅಂತ ಚಿಕ್ಕೋರಿದ್ದಾಗ ಆಡಿದ್ದು ನೆನಪಿದ್ಯಲ್ಲ, ಅದನ್ನ ಸ್ಪೀಡಾಗಿ ಹೇಳೋದ್ರಲ್ಲಿ ದೊಡ್ಡಸ್ತಿಕೆ ಇಲ್ಲ, ಆಮೆ ಥರ ನಿಧಾನಕ್ಕೆ ಪ್ರತಿ ಅಕ್ಷರಕ್ಕೂ ದವಡೆ ತೆಗೆದು ಹೇಳಿ, ನಾಕನೇ ಸಲಕ್ಕೆ ಕೆನ್ನೆ ನೋಯತ್ತೆ, ಆ ಸ್ನಾಯುಗಳನ್ನ ನಾವು ದಿನಾ ಬಳಸ್ತಿಲ್ಲ ಅಂತ ಅರ್ಥ. ಹಲ್ಲಲ್ಲಿ ಪೆನ್ ಕಚ್ಕೊಂಡು ಓದೋದು ಒಳ್ಳೇದು ಅಂತಾರೆ, ನಂಗೆ ಅದರಿಂದ ದವಡೆ ಬಿಗಿಯಾಯ್ತು ಅಷ್ಟೇ, ಬಿಟ್ಟೆ. ಹಾಗಂತ ತಿದ್ದಿ ತಿದ್ದಿ ಅಕ್ಷರ ಅಗಿಯೋದೂ ಬೇಡ. ಹುಲಿ ತನ್ನ ಮರೀನ ಬಾಯಲ್ಲಿ ಕಚ್ಕೊಂಡು ಹೋಗೋವಾಗ ಹಲ್ಲು ನಾಟ್ಬಾರ್ದು, ಮರಿ ಜಾರಿ ಬೀಳ್ಲೂಬಾರ್ದು, ಅಕ್ಷರಾನೂ ಹಾಗೆ ಹಿಡೀಬೇಕು ಅಂತ ಉಚ್ಚಾರ ಹೇಳ್ಕೊಡೋ ನಮ್ಮ ಹಳೇ ಶಿಕ್ಷಾಶಾಸ್ತ್ರದಲ್ಲಿ ಹೇಳಿದಾರೆ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಅನ್ಸತ್ತೆ ನಂಗೆ.

ಸ್ಪೀಡ್ ವಿಷಯಕ್ಕೆ ಬಂದ್ರೆ ಇಂಗ್ಲಿಷ್ ವಿಡಿಯೋಗಳಲ್ಲಿ ನಿಮಿಷಕ್ಕೆ ಇಷ್ಟು ಪದ, 150 ಪದ ಅಂತೆಲ್ಲ ಲೆಕ್ಕ ಕೊಡ್ತಾರೆ, ಅದನ್ನ ಕನ್ನಡಕ್ಕೆ ಹಚ್ಬೇಡಿ. "ಹೋಗಬೇಕಾಗಿತ್ತಂತೆ" ನಮಗೆ ಒಂದು ಪದ, ಅವರಿಗೆ ಐದಾರು. ಪದ ಎಣಿಸೋ ಬದ್ಲು ನಿಲ್ಲೋ ಜಾಗ ಎಣಿಸಿ. ಮೊಬೈಲ್ ನಂಬರ್ ಹೇಳೋವಾಗ ಹತ್ತೂ ಅಂಕಿ ಒಂದೇ ಉಸಿರಿಗೆ ಸುರಿದ್ರೆ ಯಾರೂ ಬರ್ಕೊಳೋಕಾಗಲ್ಲ, ಐದು ಹೇಳಿ ನಿಂತು ಮತ್ತೈದು ಹೇಳ್ತೀವಿ, ಎಲ್ಲ ಮಾತಿಗೂ ಅದೇ ಲೆಕ್ಕ. ಹೆಸರು, ದುಡ್ಡು, ತಾರೀಖು, ಜಾಗ ಇವುಗಳ ಹಿಂದೆ ಮುಂದೆ ಒಂದು ಗುಟುಕು ಮೌನ ಇರ್ಲಿ. ನಿಂತಾಗ ಉಸಿರೂ ಸಿಗತ್ತೆ, ಉಸಿರು ಸಿಕ್ರೆ ಬಾಲಾನೂ ಉಳಿಯತ್ತೆ. "ಅದು ಏನಂದ್ರೆ", "ಆಕ್ಚುಲಿ", "ಸೋ" ಇವೆಲ್ಲ ನಿಲ್ಲೋಕೆ ಭಯ ಪಡೋರು ತುಂಬ್ಸೋ ಕಲ್ಲು, ನಾನೂ ತುಂಬ್ಸ್ತೀನಿ.

ಭಾವ ಬರಲ್ಲ, ಒಂದೇ ಏಕತಾನ ಅನ್ನೋರಿಗೆ ಒಂದು ಪದ ಸಾಕು: "ಹೌದಾ". ನಂಬ್ಕೆ ಇಲ್ದೆ ಹೌದಾ, ಖುಷೀಲಿ ಹೌದಾ, ಕೇಡಿನ ಸುದ್ದಿ ಕೇಳಿ ಹೌದಾ, ಅತ್ತೆ ಮಾತಿಗೆ ಆಸಕ್ತಿ ಇಲ್ದೆ ಹೌದಾ, ಸುಳ್ಳು ಹಿಡಿದ್ಮೇಲೆ ಕೊಂಕಾಗಿ ಹೌದಾ. ರೆಕಾರ್ಡ್ ಮಾಡಿ ಮನೆಯೋರಿಗೆ ಕೇಳ್ಸಿ, ಯಾವ್ದು ಯಾವ್ದು ಅಂತ ಅವರು ಗುರುತು ಹಿಡೀಲಿ. ಆಮೇಲೆ ಒಂದು ವಾಕ್ಯ ತಗೊಳಿ, "ರಾಜು ನಾಳೆ ಬಸ್ಸಲ್ಲಿ ಬರ್ತಾನೆ". ಕನ್ನಡದಲ್ಲಿ ಒತ್ತು ಕೊಡೋಕೆ ಗಂಟಲು ಏರಿಸ್ಲೇಬೇಕು ಅಂತಿಲ್ಲ, ಬೇಕಾದ ಪದಾನ ಕ್ರಿಯಾಪದದ ಪಕ್ಕಕ್ಕೆ ತಂದ್ರಾಯ್ತು: "ನಾಳೆ ಬಸ್ಸಲ್ಲಿ ರಾಜು ಬರ್ತಾನೆ" ಅಂದ್ರೆ ಬೇರೆ ಯಾರೂ ಅಲ್ಲ ರಾಜು, "ರಾಜು ಬಸ್ಸಲ್ಲಿ ನಾಳೇನೇ ಬರ್ತಾನೆ" ಅಂದ್ರೆ ನಾಡಿದ್ದಲ್ಲ. ಈ ಏ ಅನ್ನೋ ಬಾಲ ಇದ್ಯಲ್ಲ, ಅರ್ಧ ಅಭಿನಯ ಅದೇ ಮಾಡ್ಕೊಡತ್ತೆ. ಎಲ್ಲ ಪದಕ್ಕೂ ಒತ್ತು ಕೊಡೋ ನಿರೂಪಕರು ಇದಾರೆ, ಅವರ ಮಾತು ಕೇಳ್ತಿದ್ರೆ ಗುಂಡಿ ಬಿದ್ದ ರೋಡಲ್ಲಿ ಆಟೋ ಹತ್ತಿದಂಗೆ.

ಕಲಿಯೋಕೆ ಕೋರ್ಸ್‌ಗೆ ದುಡ್ಡು ಸುರಿಯೋ ಮುಂಚೆ ಒಂದು ತಾಳಮದ್ದಲೆ ಪೂರ್ತಿ ಕೇಳಿ. ಕರಾವಳಿ ಮಲೆನಾಡಿನೋರಿಗೆ ಹೇಳ್ಬೇಕಾಗಿಲ್ಲ, ಬೇರೆ ಕಡೆಯೋರಿಗೆ ಹೇಳ್ತಿದೀನಿ. ಯಕ್ಷಗಾನದ್ದೇ ಪ್ರಸಂಗ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲಲ್ಲಿ ಸುಮ್ನೆ ಕೂತ್ಕೊಂಡು, ಹಾಡೋ ಭಾಗವತರು ಪದ ಹಾಡಿದ್ಮೇಲೆ ಅರ್ಥಧಾರಿ, ಅಂದ್ರೆ ಪಾತ್ರದ ಮಾತಾಡೋರು, ಬರೆದಿಟ್ಕೊಳ್ದೇ ಅಲ್ಲೇ ಮಾತು ಕಟ್ತಾರೆ, ಗಂಟೆಗಟ್ಲೆ. ಬರೀ ದನೀಲೇ ಕೃಷ್ಣ ಯಾರು ಕೌರವ ಯಾರು ಅಂತ ಗೊತ್ತಾಗತ್ತೆ. ಕೌರವ ಸಿಟ್ಟಲ್ಲಿದ್ದಾಗ ಎಷ್ಟು ಸಲ ದನಿ ಏರಿಸೋ ಬದ್ಲು ತಗ್ಗಿಸ್ತಾನೆ ನೋಡಿ, ನನಗೆ ದೊಡ್ಡ ಪಾಠ ಅದೇ ಆಗಿದ್ದು. ಒಬ್ಬರೂ ವಾಕ್ಯದ ಕೊನೆ ನುಂಗಲ್ಲ, ಯಾಕಂದ್ರೆ ಎದುರಿನ ಅರ್ಥಧಾರಿ ಆ ಕಡೇ ಪದಾನೇ ಹಿಡ್ಕೊಂಡು ಸವಾಲು ಹಾಕ್ತಾರೆ.

ಮೈಕ್ ಸಿಕ್ಕಾಗ ಗದ್ದಕ್ಕೆ ಒಂದು ಪಕ್ಕ ಇಟ್ಕೊಳಿ, ಬಾಯಿಗೆ ನಾಕು ಬೆರಳು ದೂರ, ನೇರ ಮುಂದೆ ಹಿಡಿದ್ರೆ ಪ ಬ ಅಂದಾಗೆಲ್ಲ ಬಾಂಬ್ ಬೀಳತ್ತೆ. ಉಫ್ ಉಫ್ ಊದ್ಬೇಡಿ, ಸೌಂಡ್ಸ್‌ನೋರು ಬೈತಾರೆ. ಮೈಕ್ ಇದ್ದಾಗ ಕೂಗೋ ಅಭ್ಯಾಸ ಬಿಡಿ, ದನಿ ದೊಡ್ಡದು ಮಾಡೋಕೇ ಅದಕ್ಕೆ ಬಾಡಿಗೆ ಕೊಟ್ಟಿರೋದು.

ಗಂಟಲಿನ ಆರೈಕೆ ಬಗ್ಗೆ ಮನೆಮದ್ದು ಬೇಕಾದಷ್ಟಿದೆ, ಶುಂಠಿ ಮೆಣಸಿನ ಕಷಾಯ ಹಿತವಾಗಿರತ್ತೆ, ಕುಡೀರಿ, ಆದ್ರೆ ನುಂಗಿದ್ದು ಅನ್ನನಾಳಕ್ಕೆ ಹೋಗತ್ತೆ, ಧ್ವನಿತಂತು ಇರೋದು ಉಸಿರಿನ ದಾರೀಲಿ, ಅದಕ್ಕೆ ಕಷಾಯ ತಾಗೋದೇ ಇಲ್ಲ. ಅಲ್ಲಿಗೆ ಸೀದಾ ತಲುಪೋದು ಹಬೆ. ನೀರು ದಿನವಿಡೀ ಗುಟುಕು ಗುಟುಕಾಗಿ ಕುಡೀಬೇಕು, ಭಾಷಣಕ್ಕೆ ಐದು ನಿಮಿಷ ಮುಂಚೆ ಒಂದು ಲೀಟರ್ ಕುಡಿದ್ರೆ ಟಾಯ್ಲೆಟ್ ಹುಡ್ಕಬೇಕಾಗತ್ತೆ ಅಷ್ಟೇ. ಮಾತಿಗೆ ಮುಂಚೆ "ಖ್ಹೂಂ ಖ್ಹೂಂ" ಅಂತ ಗಂಟಲು ಕೆರೆಯೋದು ಬಿಡಿ, ಮಡಿಕೆಗಳನ್ನ ಉಜ್ಜಿದಂಗೆ ಅದು, ಬದಲಿಗೆ ಎಂಜಲು ನುಂಗಿ ಇಲ್ಲ ಒಂದು ಗುಟುಕು ನೀರು. ದನಿ ಕಟ್ಟಿದಾಗ ಪಿಸುಗುಟ್ಟೋದೂ ಬೇಡ, ಗಂಟಲು ಬಿಗಿ ಹಿಡಿದು ಪಿಸುಗುಟ್ತೀವಿ, ಅದಕ್ಕಿಂತ ಮೌನವಾಗಿರೋದು ಒಳ್ಳೇದು. ಎರಡು ಮೂರು ವಾರ ಆದ್ರೂ ಗೊಗ್ಗರು ದನಿ ಹೋಗಿಲ್ಲ ಅಂದ್ರೆ ಕಿವಿ ಮೂಗು ಗಂಟಲು ಡಾಕ್ಟರ್ ನೋಡ್ಲೇಬೇಕು, ಬೀಡಿ ಸಿಗರೇಟ್ ಸೇದೋರಂತೂ ಮುಂದೂಡೋದೇ ಬೇಡ. ಮೈಸೂರಿನ ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ದನಿ ತೊಂದರೆಗೂ ಅಲ್ಲಿ ಥೆರಪಿ ಕೊಡ್ತಾರೆ, ಮಾತು ಬಾರದ ಮಕ್ಕಳಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದಾರೆ.

ನನ್ನ ದಿನದ ಲೆಕ್ಕ ಕೇಳಿದ್ರೆ ಬೆಳಗ್ಗೆ ಸ್ಟ್ರಾ ಮೂರು ನಿಮಿಷ, ಸ್ನಾನ ಮಾಡ್ತಾ ಹ್ಞೂಂ, ಗಾಡೀಲಿ ಹೋಗ್ತಾ ಹೆಲ್ಮೆಟ್ ಒಳಗೆ ತರೀಕೆರೆ ಏರಿ. ಭಾನುವಾರ ಊರಲ್ಲಿರೋ ದೊಡ್ಡಪ್ಪಂಗೆ ಫೋನ್ ಮಾಡ್ತೀನಿ, ಅವರಿಗೆ ಕಿವಿ ಮಂದ, ಕಿರುಚದೇ ಮಾತಾಡ್ಬೇಕು ಅಂತ ನನಗೆ ನಾನೇ ಹಾಕ್ಕೊಂಡ ರೂಲ್ಸು. ಮೊದ್ಲು ಒಂದೊಂದು ವಾಕ್ಯಕ್ಕೂ "ಆಂ? ಏನಂದೆ?" ಅಂತಿದ್ರು. ಹೋದ ವಾರ ಹತ್ತು ನಿಮಿಷದಲ್ಲಿ ಮೂರೇ ಸಲ ಅಂದ್ರು, ಅದರಲ್ಲಿ ಒಂದು ಸಲ ಪಕ್ಕದಲ್ಲಿ ಕುಕ್ಕರ್ ಕೂಗಿತ್ತು.