ನೀರಿನ ಲೋಟಕ್ಕಿಂತ ಮೊದಲು ಬಾತ್‌ರೂಮ್ ನೋಡಿ

ವಯಸ್ಸಾದವರು ನೀರೇ ಕುಡಿಯಲ್ಲ ಅಂತ ಯಾರಾದರೂ ದೂರಿದರೆ ನಾನು ಕೇಳುವ ಮೊದಲ ಪ್ರಶ್ನೆ: ಅವರ ಮಂಚದಿಂದ ಬಾತ್‌ರೂಮ್ ಎಷ್ಟು ದೂರ?

ನಮ್ಮ ಅವ್ವನಿಗೆ 84 ವರ್ಷ. ನಮ್ಮದು ಬಳ್ಳಾರಿ. ನಾನು ರಿಟೈರ್ ಆಗಿದ್ದೇನೆ, ಹೆಂಡತಿ ಶಾಲೆಗೆ ಹೋಗುತ್ತಾಳೆ. ಹಾಗಾಗಿ ಹಗಲೆಲ್ಲ ಮನೆಯಲ್ಲಿ ಅವ್ವ, ನಾನು ಇಬ್ಬರೇ. ನಾನು ಲೋಟ ಹಿಡಿದು ಹೋದರೆ "ಬ್ಯಾಡೋ ಯಪ್ಪಾ, ಹೊಟ್ಟಿ ತುಂಬೇತಿ" ಅನ್ನುತ್ತಿದ್ದಳು. ಸಂಜೆ ಸೊಸೆ ಬಂದಳೋ, ಎರಡು ಲೋಟ ಗಟಗಟ ಕುಡಿಯುತ್ತಿದ್ದಳು. ಕಾರಣವನ್ನೂ ಸೊಸೆಗೇ ಹೇಳಿದ್ದು: ಮಗನ ಕೈ ಹಿಡಿದುಕೊಂಡು ಒಂದಕ್ಕೆ ಹೋಗೋಕೆ ನಾಚಿಕೆ. ಅದಕ್ಕೆ ಕುಡಿಯುವುದನ್ನೇ ಬಿಟ್ಟಿದ್ದಳು. ಎಷ್ಟೋ ಮನೆಗಳಲ್ಲಿ ಇದೇ ಕತೆ. ಮೊಣಕಾಲು ನೋವು, ಜಾರಿ ಬೀಳುವ ಭಯ, ದಾರಿಯಲ್ಲೇ ಆಗಿಬಿಟ್ಟರೆ ಅನ್ನುವ ಸಂಕೋಚ. ಇವನ್ನು ಹಾಗೇ ಬಿಟ್ಟು ಸುಮ್ನೆ "ಕುಡಿ, ಕುಡಿ" ಅಂದರೆ ಯಾರು ಕುಡಿಯುತ್ತಾರೆ?

ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲು ಅಲ್ಲಿ ಮಾಡಿ. ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಸ್ಟೀಲ್ ಸರಳು ಹಾಕಿಸಿ. ಟವೆಲ್ ಹಾಕುವ ಸರಳು ಭಾರ ತಡೆಯಲ್ಲ, ಅದನ್ನು ನಂಬಬೇಡಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ನೆಲ ಒಣಗಿರಲಿ, ದಾರಿಯಲ್ಲಿ ಕಾಲೊರಸು ಬೇಡ, ರಾತ್ರಿ ಸಣ್ಣ ಬಲ್ಬು ಉರಿಯುತ್ತಿರಲಿ. ಒಳಗಿನ ಚಿಲಕ ತೆಗೆಸಿ ಪರದೆ ಹಾಕಿದ್ದೇವೆ. ಬಿದ್ದರೆ ಬಾಗಿಲು ಒಡೆಯುವ ಫಜೀತಿ ಇಲ್ಲ. ಈಗ ಅವ್ವ ವಾಕರ್ ಹಿಡಿದು ತಾನೇ ಹೋಗಿ ಬರುತ್ತಾಳೆ. ನಾನು ಹೊರಗೆ ಪೇಪರ್ ಓದುತ್ತಾ ಕಿವಿ ಮಾತ್ರ ಆ ಕಡೆ ಇಟ್ಟಿರುತ್ತೇನೆ.

ಇನ್ನು ನೀರಿನ ವಿಷಯ. ವಯಸ್ಸಾದಂತೆ ಬಾಯಾರಿಕೆ ಮಂಕಾಗುತ್ತದೆ. ಮೈಗೆ ನೀರು ಬೇಕಿದ್ದರೂ ಬಾಯಿ ಕೇಳುವುದಿಲ್ಲ. ಮೂತ್ರಪಿಂಡಕ್ಕೂ ನೀರು ಉಳಿಸಿಕೊಳ್ಳುವ ತಾಕತ್ತು ಕಡಿಮೆಯಾಗಿರುತ್ತದೆ. ಬಿಪಿಗೆ, ಕಾಲು ಊದಿದ್ದಕ್ಕೆ ಕೊಡುವ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಇದ್ದರಂತೂ ಇನ್ನೂ ಜಾಸ್ತಿ ಹೊರಗೆ ಹೋಗುತ್ತದೆ. ಕೈ ಚರ್ಮ ಚಿವುಟಿ ನೋಡುವ ಉಪಾಯ ಇವರ ಹತ್ತಿರ ನಡೆಯಲ್ಲ, ಚರ್ಮ ಹೇಗೂ ಸಡಿಲವಾಗಿರುತ್ತದೆ. ಮೂತ್ರದ ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಮನೆಯಲ್ಲಿ ಉಳಿದಿರುವುದು ಒಂದೇ ದಾರಿ: ಎಷ್ಟು ಕುಡಿದರು ಅಂತ ಲೆಕ್ಕ ಇಡುವುದು.

ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಯಲ್ಲಿ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಅಂತಿದೆ. ನೀರು, ಚಹಾ, ಮಜ್ಜಿಗೆ, ಹಾಲು ಎಲ್ಲ ಸೇರಿಸಿ. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಹಾಗಾಗಿ 40 ಡಿಗ್ರಿ ದಾಟಿದ ದಿನ ಇನ್ನಷ್ಟು ಬೇಕು. ಆದರೆ ಹೃದಯ, ಕಿಡ್ನಿ ಅಥವಾ ಲಿವರ್ ತೊಂದರೆ ಇದ್ದವರಿಗೆ ಈ ಲೆಕ್ಕ ಬೇಡವೇ ಬೇಡ. ಅವರಿಗೆ ನೀರು ಜಾಸ್ತಿಯಾದರೂ ಕಷ್ಟ. ದಿನಕ್ಕೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಅವ್ವನ ಸ್ಟೀಲ್ ಲೋಟವನ್ನು ಅಳೆದು ನೋಡಿದೆ, 200 ಎಂ.ಎಲ್. ಹಿಡಿಯುತ್ತದೆ. ಎಂಟು ಲೋಟ ಆದರೆ 1.6 ಲೀಟರ್. ಮಂಚದ ಪಕ್ಕ ಎರಡು ಬಟ್ಟಲಿವೆ, ಒಂದರಲ್ಲಿ ಎಂಟು ಹುಣಸೆ ಬೀಜ. ಲೋಟ ಖಾಲಿಯಾದ ಹಾಗೆ ಅವ್ವ ಒಂದು ಬೀಜ ಎತ್ತಿ ಆಚೆ ಬಟ್ಟಲಿಗೆ ಹಾಕುತ್ತಾಳೆ. ಚೌಕಾಬಾರ ಆಡಿ ಬೆಳೆದ ಕೈ ಅಲ್ವಾ, ಅದರಲ್ಲಿ ಮೋಸ ಮಾಡುವುದಿಲ್ಲ. ಅರ್ಧ ಕುಡಿದು ಬೀಜ ಹಾಕೋಣ ಅಂದರೆ ನನಗೇ ಬೈಯುತ್ತಾಳೆ.

ಹೊತ್ತೂ ಮುಖ್ಯ. ಪೂಜೆ ಆಗುವ ತನಕ ಅವ್ವ ತೊಟ್ಟು ನೀರೂ ಮುಟ್ಟಲ್ಲ. ಅದನ್ನು ಬಿಡಿಸೋಕೆ ಹೋಗಲಿಲ್ಲ. ಸ್ನಾನಕ್ಕೆ ನೀರು ಬೇಗ ಕಾಯಿಸಿದರೆ ಪೂಜೆಯೂ ಬೇಗ ಮುಗಿಯುತ್ತದೆ, ಅಷ್ಟೇ. ಪೂಜೆ ಆದ ಕೂಡಲೇ ಒಂದು ಲೋಟ ಉಗುರುಬೆಚ್ಚಗಿನ ನೀರು. ಮಾತ್ರೆ ಜೊತೆ ಎರಡು ಗುಟುಕಲ್ಲ, ಪೂರ್ತಿ ಲೋಟ. ಹೆಚ್ಚಿನ ಪಾಲು ಸಂಜೆ ಆರರೊಳಗೆ ಮುಗಿದರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಕಾಲು ಬಾವು ಇರುವವರು ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಮೇಲಿಟ್ಟು ಮಲಗಿದರೂ ಅನುಕೂಲ. ನೀರಿನ ಮಾತ್ರೆಯ ಹೊತ್ತನ್ನು ಮಾತ್ರ ನೀವೇ ಬದಲಾಯಿಸಬೇಡಿ.

ಕುಡಿಯುವ ರೀತಿಯನ್ನೂ ನೋಡಿ. ನಮ್ಮ ಹಿರಿಯರು ಎಂಜಲಾಗುತ್ತದೆ ಅಂತ ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿಯುತ್ತಾರೆ. ಈ ವಯಸ್ಸಿನಲ್ಲಿ ಹಾಗೆ ಕುಡಿದರೆ ನೀರು ಶ್ವಾಸನಾಳಕ್ಕೆ ಹೋಗುವ ಅಪಾಯ ಜಾಸ್ತಿ. ಅವರಿಗೇ ಅಂತ ಬೇರೆ ಲೋಟ ಇಟ್ಟುಬಿಡಿ, ಆಗ ಎಂಜಲಿನ ಮಾತೇ ಇಲ್ಲ. ನೆಟ್ಟಗೆ ಕೂತು, ಕಚ್ಚಿ, ಗುಟುಕು ಗುಟುಕಾಗಿ ಕುಡಿಯಲಿ. ಲಕ್ವಾ ಹೊಡೆದವರು, ನೀರು ಕುಡಿದರೆ ಕೆಮ್ಮುವವರು ಇದ್ದರೆ ಒತ್ತಾಯ ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಬರೀ ನೀರೇ ಆಗಬೇಕಿಲ್ಲ. ತಿಳಿಸಾರು, ಕಲ್ಲಂಗಡಿ, ಸೌತೆಕಾಯಿ ಎಲ್ಲದರಲ್ಲೂ ನೀರಿದೆ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಸಲೀಸಾಗಿ ಹೋಗುವುದು ಜೋಳದ ಅಂಬಲಿ. ಎರಡು ಚಮಚ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ ಕೈಯಾಡಿಸುತ್ತಾ ಬೇಯಿಸಿ. ಪೂರ್ತಿ ಆರಿದ ಮೇಲೆ ತೆಳು ಮಜ್ಜಿಗೆ, ಚಿಟಿಕೆ ಜೀರಿಗೆ ಪುಡಿ. ಬಿಪಿ ಇದ್ದರೆ ಉಪ್ಪು ಹಿಡಿತದಲ್ಲಿರಲಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇರುವವರಿಗೆ ಕೇಳದೆ ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ಪಾನಕವೂ ಬೇಡ.

ಇದ್ದಕ್ಕಿದ್ದಂತೆ ಮಾತು ಅಡ್ಡಾದಿಡ್ಡಿಯಾದರೆ, ಎಬ್ಬಿಸಿದರೂ ಮತ್ತೆ ಮಂಪರಿಗೆ ಹೋದರೆ, ಎದ್ದರೆ ತಲೆ ಸುತ್ತಿದರೆ, ಬೆಳಿಗ್ಗೆಯಿಂದ ಸಂಜೆವರೆಗೆ ಮೂತ್ರವೇ ಆಗದಿದ್ದರೆ "ವಯಸ್ಸಾಯ್ತು, ಅರಳುಮರಳು" ಅಂತ ಸುಮ್ಮನಿರಬೇಡಿ. ಅರಳುಮರಳು ಒಂದೇ ದಿನದಲ್ಲಿ ಬರುವುದಿಲ್ಲ. ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕು, ಲಕ್ವಾ ಏನೂ ಇರಬಹುದು. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ವಾಂತಿ ಭೇದಿ ಆದಾಗ ಓಆರ್‌ಎಸ್ ಬೇಕು, ದಿನಾ ಕುಡಿಯುವ ಪಾನೀಯ ಅದಲ್ಲ, ಉಪ್ಪಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೇಳಿದಾಗ ಡಬ್ಬಿಯ ಸಿಹಿ ಜ್ಯೂಸ್ ಕೊಟ್ಟರೆ ವಾಪಸ್ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿಯ ಪ್ಯಾಕೆಟ್ ಕೇಳಿ. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತಿದ್ದರೆ ಪೂರ್ತಿ ಪುಡಿಯನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಅಂದಾಜಿಗೆ ಲೋಟಕ್ಕೆ ಒಂದು ಚಮಚ ಹಾಕಬೇಡಿ. 24 ಗಂಟೆಯಲ್ಲಿ ಖಾಲಿಯಾಗದಿದ್ದರೆ ಚೆಲ್ಲಿ, ಹೊಸದು ಮಾಡಿ.