ಆರ್ಕಿಡ್ ಹೂ ಬಿಡ್ತಿಲ್ವಾ? ಮೊದಲು ಬೇರು ನೋಡಿ

ನರ್ಸರಿಯಿಂದ ತಂದಾಗ ಕಡ್ಡಿ ತುಂಬ ಹೂವಿತ್ತು. ಎರಡು ಮೂರು ತಿಂಗಳು ಹಾಗೇ ಇತ್ತು. ಆಮೇಲೆ ಒಂದೊಂದೇ ಉದುರಿತು, ಈಗ ವರ್ಷ ಕಳೆದರೂ ಬರೀ ಎಲೆ, ಆ ಎಲೆಗಳೂ ಸುಕ್ಕುಗಟ್ಟಿ ಜೋತುಬಿದ್ದಿವೆ. ಬಹಳ ಮನೆಗಳಲ್ಲಿ ಆರ್ಕಿಡ್ ಕಥೆ ಇದೇ. ಆಗ ಎಲ್ಲರೂ ಮೊದಲು ಹುಡುಕೋದು ಹೂ ಬಿಡಿಸುವ ಗೊಬ್ಬರ. ದಯವಿಟ್ಟು ಅದನ್ನು ಮಾತ್ರ ಈಗ ಹಾಕಬೇಡಿ. ಬೇರು ಹಾಳಾದ ಗಿಡಕ್ಕೆ ಗೊಬ್ಬರ ಹಾಕಿದರೆ ಉಳಿದ ನಾಲ್ಕು ಬೇರೂ ಸುಟ್ಟುಹೋಗುತ್ತವೆ.

ನಾನು ಹೇಳುತ್ತಿರುವುದು ಫೆಲನಾಪ್ಸಿಸ್ ಬಗ್ಗೆ. ಅಗಲವಾದ ದಪ್ಪ ಎಲೆ, ಬಾಗಿದ ಕಡ್ಡಿಯಲ್ಲಿ ಸಾಲಾಗಿ ದೊಡ್ಡ ದೊಡ್ಡ ಹೂ. ಅಂಗಡಿಗಳಲ್ಲಿ ಉಡುಗೊರೆ ಗಿಡ ಅಂತ ಸಿಗೋದು ಜಾಸ್ತಿ ಇದೇ. ಇದು ಹುಟ್ಟಿದೂರಲ್ಲಿ ಮಣ್ಣಿನಲ್ಲಿ ಬೆಳೆಯುವ ಗಿಡ ಅಲ್ಲ, ಮರದ ಮೇಲೆ ಬೆಳೆಯುವಂಥದ್ದು. ಮಲೆನಾಡಿನವರಿಗೆ ಹಲಸಿನ ಮರ, ಮಾವಿನ ಮರದ ಮೇಲಿನ ಸೀತಾಳೆ ದಂಡೆ ಗೊತ್ತಿರುತ್ತದಲ್ಲ, ಅದೂ ಆರ್ಕಿಡ್ಡೇ. ಅದರ ಬೇರು ತೊಗಟೆಗೆ ಅಂಟಿಕೊಂಡು ಗಾಳಿಗೆ ತೆರೆದುಕೊಂಡಿರುತ್ತದೆ. ಮಳೆ ಬಂದರೆ ಪೂರ್ತಿ ನೆನೆಯುತ್ತದೆ, ಮಳೆ ನಿಂತರೆ ಒಣಗುತ್ತದೆ. ಮನೆಯ ಆರ್ಕಿಡ್ಡಿಗೂ ಬೇಕಾಗಿರೋದು ಇಷ್ಟೇ: ಚೆನ್ನಾಗಿ ನೆನೆಯಬೇಕು, ಆಮೇಲೆ ಗಾಳಿ ಆಡಬೇಕು.

ಸರಿ, ಈಗ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಎಲೆ ಸುಕ್ಕುಗಟ್ಟಿದೆ ಅಂದರೆ ನೀರು ಸಾಲುತ್ತಿಲ್ಲ ಅಂದುಕೊಂಡು ಇನ್ನಷ್ಟು ನೀರು ಸುರಿಯುವವರೇ ಜಾಸ್ತಿ. ನೀರು ಹೆಚ್ಚಾಗಿ ಬೇರು ಕೊಳೆತರೂ ಎಲೆ ಹಾಗೇ ಸುಕ್ಕಾಗುತ್ತದೆ, ಏಕೆಂದರೆ ನೀರು ಕುಡಿಯಲು ಬೇರೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಬಿಚ್ಚಿ ನೋಡದೆ ತಿಳಿಯುವುದಿಲ್ಲ.

ಬೇರುಗಳನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿದರೆ ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಹಳೆಯ ಪಾಚಿ, ತೊಗಟೆ ಸುಲಭವಾಗಿ ಬಿಡುತ್ತದೆ. ಎಷ್ಟೋ ಗಿಡಗಳ ಬುಡದಲ್ಲಿ, ಬೇರುಗಳ ನಟ್ಟನಡುವೆ, ಸಸಿ ಬೆಳೆಸಿದ ಸಣ್ಣ ಬಲೆಯ ಬಟ್ಟಲೋ ಒತ್ತಾಗಿ ತುಂಬಿದ ಪಾಚಿಯ ಉಂಡೆಯೋ ಇರುತ್ತದೆ. ಮೇಲೆಲ್ಲ ಒಣಗಿದ್ದರೂ ಅದು ಒಳಗೆ ವಾರಗಟ್ಟಲೆ ಒದ್ದೆಯಾಗಿರುತ್ತದೆ, ಕೊಳೆಯೋದು ಅಲ್ಲಿಂದಲೇ ಶುರು. ಅದನ್ನು ನಿಧಾನವಾಗಿ ಬಿಡಿಸಿ ತೆಗೆದುಬಿಡಿ. ಈಗ ಒಂದೊಂದೇ ಬೇರನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವ ಇದೆ, ಬಣ್ಣ ಕಂದಾಗಿದ್ದರೂ ಪರವಾಗಿಲ್ಲ, ಇರಲಿ. ಒತ್ತಿದಾಗ ಪಿಚಕ್ಕನೆ ಅಪ್ಪಚ್ಚಿಯಾಗಿ, ಸಿಪ್ಪೆ ಜಾರಿ ಒಳಗಿನ ನೂಲಿನಂಥ ನಾರು ಮಾತ್ರ ಕೈಗೆ ಬಂದರೆ ಆ ಬೇರು ಹೋಯಿತು. ಕತ್ತರಿಯ ಬಾಯನ್ನು ಬೆಂಕಿಗೆ ಹಿಡಿದು, ಆರಿದ ಮೇಲೆ ಅಂಥವನ್ನೆಲ್ಲ ಕತ್ತರಿಸಿ. ಕತ್ತರಿಸಿದ ತುದಿಗೆ ಅಡುಗೆಮನೆಯ ಚಕ್ಕೆ ಪುಡಿ ಒಂದು ಚಿಟಿಕೆ ಹಚ್ಚಬಹುದು. ಒಳ್ಳೆಯ ಬೇರಿಗೆ ಮಾತ್ರ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ.

ಮತ್ತೆ ನೆಡಲು ಬದಿಯಲ್ಲೆಲ್ಲ ತೂತು ಇರುವ, ಒಳಗೆ ಕಾಣುವಂಥ ಪ್ಲಾಸ್ಟಿಕ್ ಕುಂಡ ಒಳ್ಳೆಯದು. ದೊಡ್ಡದು ಬೇಡ, ಬೇರು ಹಿಡಿಸುವಷ್ಟಿದ್ದರೆ ಸಾಕು. ಪೈನ್ ತೊಗಟೆಯ ಚೂರು ಮತ್ತು ಮರದ ಇದ್ದಿಲು ಸೇರಿಸಿ ತುಂಬಿ. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ತುಂಡುಗಳು ಆಗುತ್ತವೆ, ಆದರೆ ಎರಡು ದಿನ ನೆನೆಸಿ, ನೀರು ಬದಲಿಸಿ, ಅದರಲ್ಲಿರುವ ಉಪ್ಪಿನಂಶ ಹೋದ ಮೇಲೆ ಬಳಸಿ. ಮಣ್ಣು ಬೇಡವೇ ಬೇಡ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೂಡ ಬೇಡ, ಅದು ನೀರು ಹಿಡಿದುಕೊಂಡು ಗಾಳಿಗೆ ಜಾಗ ಬಿಡುವುದಿಲ್ಲ. ಗಿಡ ಅಲುಗಾಡದ ಹಾಗೆ ಕಡ್ಡಿ ಊರಿ ಕಟ್ಟಿ. ಗಾಯ ಒಣಗಲು ಎರಡು ಮೂರು ದಿನ ಬಿಟ್ಟು ಆಮೇಲೆ ನೀರು ಕೊಡಿ.

ಒಂದು ಬೇರೂ ಉಳಿದಿಲ್ಲವಾ? ಆಗಲೂ ಎಸೆಯಬೇಡಿ. ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ನೀರು ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ, ಅದರ ಮೇಲೆ ಗಿಡದ ಬುಡ ಕೂರಿಸಿ, ಅಲ್ಲಲ್ಲಿ ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಕವರ್ ಮುಚ್ಚಿ ಬೆಳಕಿರುವ ನೆರಳಲ್ಲಿಡಿ. ನೇರ ಬಿಸಿಲು ಬಿದ್ದರೆ ಒಳಗೇ ಬೆಂದುಹೋಗುತ್ತದೆ. ಹೊಸ ಬೇರು ಬರಲು ತಿಂಗಳುಗಳೇ ಬೇಕು. ಆದರೂ ಎಲೆ ಹಸಿರಾಗಿದ್ದು ನಡುವಿನ ಸುಳಿ ಗಟ್ಟಿಯಾಗಿದ್ದರೆ ಕಾಯಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ನೀರಿನ ವಿಷಯ. ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳುವ ಬದಲು ಕುಂಡದ ಗೋಡೆಗೆ ಅಂಟಿಕೊಂಡ ಬೇರನ್ನು ನೋಡಿ. ಹಸಿರಾಗಿದ್ದರೆ ಅದರಲ್ಲಿ ಇನ್ನೂ ನೀರಿದೆ. ಬೂದಿ ಮಿಶ್ರಿತ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಬಾಯಾರಿದೆ. ಆಗ ಬೆಳಗ್ಗೆ ಹೊತ್ತು ಕುಂಡವನ್ನು ಬಕೆಟ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಪೂರ್ತಿ ಬಸಿದು ಜಾಗಕ್ಕೆ ಇಡಿ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತಿದ್ದರೆ ಟಿಶ್ಯೂ ಅಥವಾ ಬಟ್ಟೆಯ ತುದಿಯಿಂದ ಹೀರಿ ತೆಗೆಯಿರಿ. ಸುಳಿ ಕೊಳೆತರೆ ಗಿಡ ಉಳಿಯೋದು ಕಷ್ಟ. ಬೋರ್‌ವೆಲ್ ನೀರು ಗಡಸಾಗಿದ್ದರೆ ತೊಗಟೆ ಮೇಲೆ ಬಿಳಿ ಉಪ್ಪು ಕೂರುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಆರ್‌ಒ ಶುದ್ಧ ನೀರೂ ಆಗುತ್ತದೆ. ಆದರೆ ಆರ್‌ಒ ಯಂತ್ರದ ಪೈಪಿನಿಂದ ಹೊರಗೆ ಹೋಗುವ ವೇಸ್ಟ್ ನೀರು ಮಾತ್ರ ಬೇಡ, ಉಪ್ಪೆಲ್ಲ ಸೇರಿರೋದು ಅದರಲ್ಲೇ.

ಬೇರು ಚೆನ್ನಾಗಿದ್ದು, ಮೂರ್ನಾಲ್ಕು ಗಟ್ಟಿ ಎಲೆ ಇದ್ದೂ ಹೂ ಬರದಿದ್ದರೆ ಆಗ ಬೆಳಕಿನ ಕಡೆ ನೋಡಬೇಕು. ಎಲೆ ಕಡು ಹಸಿರಾಗಿ ಸುಂದರವಾಗಿ ಕಾಣುತ್ತಿದ್ದರೆ ಖುಷಿ ಪಡಬೇಡಿ, ಬೆಳಕು ಸಾಲುತ್ತಿಲ್ಲ ಅಂತ ಅರ್ಥ. ಸ್ವಲ್ಪ ತಿಳಿ ಹಸಿರು ಇರಬೇಕು. ಅಂಚು ಕೆಂಪಾಗುತ್ತಿದ್ದರೆ ಬಿಸಿಲು ಜಾಸ್ತಿ. ಟಿವಿ ಪಕ್ಕ, ಟೀಪಾಯಿ ಮೇಲೆ ಇಟ್ಟ ಗಿಡ ಬದುಕಬಹುದು, ಹೂ ಬಿಡೋದು ಕಷ್ಟ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ತೆಳು ಪರದೆ ಹಾಕಿದ ದಕ್ಷಿಣದ ಕಿಟಕಿಯೂ ಆಗುತ್ತದೆ. ಮಧ್ಯಾಹ್ನ ಗಿಡದ ಮೇಲೆ ಕೈ ಅಡ್ಡ ಹಿಡಿದು ನೋಡಿ, ಮಸುಕಾದ ನೆರಳು ಬಿದ್ದರೆ ಬೆಳಕು ಸರಿಯಾಗಿದೆ.

ಬೆಳಕೂ ಇದೆ, ಆದರೂ ಹೂವಿಲ್ಲ ಅಂದರೆ ಕೊರತೆ ಇರೋದು ತಂಪಿನದ್ದು. ಫೆಲನಾಪ್ಸಿಸ್ ಹೂಕಡ್ಡಿ ಹೊರಡಿಸಬೇಕಾದರೆ ಮೂರ್ನಾಲ್ಕು ವಾರ ತಂಪು ಬೇಕು, ರಾತ್ರಿ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಬಹಳ ಒಳ್ಳೆಯದು. ಹಗಲು ರಾತ್ರಿ 28 ಡಿಗ್ರಿ ದಾಟಿದ ಸೆಕೆಯಲ್ಲಿ ಗಿಡ ಎಲೆ ಬಿಡುತ್ತದೆಯೇ ಹೊರತು ಕಡ್ಡಿ ಬಿಡುವುದಿಲ್ಲ. ಬೆಂಗಳೂರು, ಮೈಸೂರಿನವರಿಗೆ ಇದು ಸುಲಭ. ನವೆಂಬರ್‌ನಿಂದ ಜನವರಿವರೆಗೆ ಗಿಡವನ್ನು ಮುಚ್ಚಿದ ಹಾಲ್‌ನಿಂದ ತೆಗೆದು, ರಾತ್ರಿ ತೆರೆದಿಡುವ ಕಿಟಕಿ ಹತ್ತಿರವೋ ಮಳೆ ಇಬ್ಬನಿ ಬೀಳದ ಬಾಲ್ಕನಿಯಲ್ಲೋ ಇಡಿ, ಅಷ್ಟೇ. ಮಂಗಳೂರು, ಉಡುಪಿ, ಕಾರವಾರದ ಕಡೆ ರಾತ್ರಿ ಅಷ್ಟು ತಂಪಾಗೋದು ಅಪರೂಪ. ಅಲ್ಲಿ ರಾತ್ರಿ ಎಸಿ ಓಡುವ ಕೋಣೆಯಲ್ಲಿ, ಗಾಳಿ ನೇರ ತಾಗದ ಕಡೆ ಇಟ್ಟು ನೋಡಬಹುದು. ಹೊಸದಾಗಿ ಕೊಳ್ಳುವ ಕರಾವಳಿಯವರಿಗೆ ಮಾತ್ರ ನಾನು ಡೆಂಡ್ರೋಬಿಯಮ್ ಅಥವಾ ವಾಂಡಾ ಜಾತಿಯ ಆರ್ಕಿಡ್ ತನ್ನಿ ಅಂತಲೇ ಹೇಳುತ್ತೇನೆ. ಅಲ್ಲಿನ ಸೆಕೆ, ತೇವ ಎರಡೂ ಅವಕ್ಕೆ ಒಗ್ಗುತ್ತದೆ.

ಗೊಬ್ಬರ ಹಾಕುವ ಹೊತ್ತು ಹೊಸ ಬೇರು ಕಂಡ ಮೇಲೆ ಬರುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 19-19-19 ಗೊಬ್ಬರ ಎಲ್ಲ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಅದೂ ಬೇರು ಮೊದಲೇ ಒದ್ದೆ ಇದ್ದಾಗ. ತಿಂಗಳಿಗೊಮ್ಮೆ ಬರೀ ನೀರು ಹರಿಸಿ ಉಪ್ಪು ತೊಳೆಯಿರಿ. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಇದಕ್ಕೆ ಬೇಡ. ತೊಗಟೆ ನಡುವೆ ಹುಳಿತು ನೊಣ, ಬೂಷ್ಟು ಬರುತ್ತದೆ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ.

ಚಳಿಗಾಲದಲ್ಲಿ ಎಲೆಯ ಬುಡದಿಂದ ಏನೋ ಮೊಳೆತರೆ ಹತ್ತಿರದಿಂದ ನೋಡಿ. ತುದಿ ದುಂಡಗೆ, ನಯವಾಗಿ ಹೊಳೆಯುತ್ತಿದ್ದರೆ ಬೇರು. ತುದಿ ಸ್ವಲ್ಪ ಚಪ್ಪಟೆ, ಒಂದರ ಮೇಲೊಂದು ಸಿಪ್ಪೆ ಮುಚ್ಚಿದ ಹಾಗಿದ್ದು ಮೇಲ್ಮುಖವಾಗಿ ಬೆಳೆಯುತ್ತಿದ್ದರೆ ಅದು ಹೂಕಡ್ಡಿ! ಹೂ ಅರಳಲು ಇನ್ನೂ ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ಕುಂಡವನ್ನು ತಿರುಗಿಸಬೇಡಿ, ಕಡ್ಡಿ ಬೆಳಕಿನತ್ತ ತಿರುಗಿ ಸೊಟ್ಟಗಾಗುತ್ತದೆ. ಮೊಗ್ಗು ಬಂದ ಮೇಲೆ ಮಾಗಿದ ಬಾಳೆ, ಮಾವಿನ ಹಣ್ಣಿನ ಬುಟ್ಟಿ ಹತ್ತಿರ ಇಡಬೇಡಿ. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತದೆ.

ಹೂವೆಲ್ಲ ಮುಗಿದ ಮೇಲೆ, ಗಿಡ ಗಟ್ಟಿಯಾಗಿದ್ದು ಕಡ್ಡಿ ಹಸಿರಾಗಿದ್ದರೆ ಕೆಳಗಿನಿಂದ ಎರಡನೇ ಅಥವಾ ಮೂರನೇ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ, ಅಲ್ಲಿಂದ ಕವಲು ಒಡೆದು ಮತ್ತೆ ಹೂ ಬರಬಹುದು. ಈಗಷ್ಟೇ ಚೇತರಿಸಿಕೊಂಡ ಗಿಡವಾದರೆ ಆ ಆಸೆ ಬಿಟ್ಟು ಕಡ್ಡಿಯನ್ನು ಬುಡಕ್ಕೇ ಕತ್ತರಿಸಿ, ಮುಂದಿನ ಚಳಿಗಾಲದೊಳಗೆ ಅದು ಇನ್ನೆರಡು ಎಲೆ ಬಿಡಲಿ. ಡೆಂಡ್ರೋಬಿಯಮ್ ಇರುವವರು ಮಾತ್ರ ಎಲೆ ಉದುರಿದ ಹಳೆಯ ಕಾಂಡವನ್ನು ಸತ್ತಿದೆ ಅಂತ ಕತ್ತರಿಸಬೇಡಿ. ಅದು ದಪ್ಪಗೆ ಗಟ್ಟಿಯಾಗಿರುವ ತನಕ ಗಿಡದ ಆಹಾರ ಅದರಲ್ಲೇ ಇರುತ್ತದೆ, ಕೆಲವು ಜಾತಿಗಳಲ್ಲಿ ಹೂ ಬರೋದೂ ಅದರಲ್ಲೇ.